ಹವ್ಯಾಸಿಯ ಚಿತ್ರಪುಸ್ತಕ

ಕಣ್ಣಿಗೆ ಕಾಣಬೇಕಾದ ವಿಷಯವನ್ನು ಕಿವಿಗೆ ಹೇಳಹೊರಡುವುದು ಕೊಂಚ ವಿಚಿತ್ರವೆಂದು ತಮಗೆ ತೋರಬಹುದು. ಚಿತ್ರವನ್ನು ಕುರಿತು ಮಾತನಾಡುವವನ ಕೈಯಲ್ಲಿ ಒಂದಾದರೂ ಚಿತ್ರವಿರಬೇಕಲ್ಲವೆ? ರೇಡಿಯೋ ಪೆಟ್ಟಿಗೆಯ ಮುಂದೆ ಕುಳಿತಿರುವ ತಮಗೆ ನಾನು ಯಾವುದನ್ನೂ ತೋರಿಸಲಾರೆ. ಆದರೆ ಇಂದು ನಾನು ಹೇಳಬೇಕೆಂದಿರುವುದು ಚೌಕಟ್ಟಿನೊಳಗೆ ಸೇರಿದ ಮುಗಿದ ಚಿತ್ರದ ಮಾತಲ್ಲ. ಚಿತ್ರವು ಮುಗಿಯುವುದಕ್ಕೆ ಮೊದಲು ಬರೆಯುವವನ ಕಣ್ಣಿನಲ್ಲಿ, ಕೈಯಲ್ಲಿ, ಮನಸ್ಸಿನಲ್ಲಿ ನಡೆಯುವ ವ್ಯಾಪಾರದ ಮಾತು. ಅದು ಮುಗಿದ ಚಿತ್ರದಲ್ಲಿ ಹೇಗೂ ಕಾಣುವುದಿಲ್ಲ. ಬರೆದವನು ಬಾಯಿಬಿಟ್ಟು ಹೇಳಿದರೆ ಮಾತ್ರ ತಿಳಿಯುವಂಥದು.

ಹವ್ಯಾಸಿಯೆಂದರೆ ಯಾರು? ಹಗಲೆಲ್ಲ ಕಚೇರಿಯಲ್ಲಿಯೋ ಪಾಠಶಾಲೆಯಲ್ಲಿಯೋ ಅಂಗಡಿಯಲ್ಲಿಯೋ ಅಡಿಗೆಮನೆಯಲ್ಲಿಯೋ ದುಡಿದು, ಉಳಿದ ಒಂದು ಗಂಟೆಯನ್ನು ಸೀಸದಕಡ್ಡಿಗೂ ಬಣ್ಣದ ಪೆಟ್ಟಿಗೆಗೂ ಕೊಡುವವರು. ಇವರಿಗೆ ಚಿತ್ರದಿಂದ ಹೊಟ್ಟೆ ಹೊರೆಯಬೇಕಾಗಿಲ್ಲ. ಕೀರ್ತಿಯ ಹಂಬಲವೂ ಅಷ್ಟಾಗಿ ಇಲ್ಲ. ಇಂಥವರು ಪ್ರತಿಯೊಂದು ಬೀದಿಯಲ್ಲಿಯೂ ಇದ್ದಾರೆ. ಆದರೆ ಇವರಲ್ಲಿ ಅನೇಕರ ಚಿತ್ರಗಳು ಪೆಟ್ಟಿಗೆಯ ತಳದಲ್ಲಿ, ಹಳೆಯ ಬಟ್ಟೆಗಳ ಕೆಳಗೆ ಇರುತ್ತವೆ. ಕಾರಣ, ನಾಚಿಕೆ. ಈ ನಾಚಿಕೆಯಿಂದ ನಷ್ಟವಾಗುವುದೇನು, ಅದನ್ನು ಕಳೆದುಕೊಳ್ಳುವ ದಾರಿ ಯಾವುದು ಎಂಬುದೇ ಇಂದಿನ ವಿಷಯ.

ಈ ನಾಚಿಕೆಯ ರುಚಿಯನ್ನು ನಾನೂ ಬಲ್ಲೆ. ಹನ್ನೊಂದು ವರ್ಷದ ಹುಡುಗನಾಗಿದ್ದಾಗ ಚಾಮುಂಡಿಬೆಟ್ಟದ ದೇವಾಲಯದ ಗೋಪುರವನ್ನು ಒಂದು ಹಾಳೆಯ ಮೇಲೆ ಬರೆದು ಪಾಠಶಾಲೆಗೆ ಕೊಂಡೊಯ್ದೆ. ಉಪಾಧ್ಯಾಯರು ಅದನ್ನು ಎತ್ತಿ ಹಿಡಿದು, "ಏನಪ್ಪಾ, ಇದು ಗೋಪುರವೋ ಹುತ್ತವೋ?" ಎಂದರು. ತರಗತಿಯೆಲ್ಲ ನಕ್ಕಿತು. ಉಪಾಧ್ಯಾಯರು ಕೆಟ್ಟವರಲ್ಲ, ಮರುಕ್ಷಣವೇ ಅದನ್ನು ಮರೆತಿರಬೇಕು. ನಾನು ಮಾತ್ರ ಮರೆಯಲಿಲ್ಲ. ಅನಂತರ ಇಪ್ಪತ್ತು ವರ್ಷ ಸೀಸದಕಡ್ಡಿಯನ್ನು ಲೆಕ್ಕ ಬರೆಯುವುದಕ್ಕಲ್ಲದೆ ಬೇರೆ ಯಾವುದಕ್ಕೂ ಹಿಡಿಯಲಿಲ್ಲ. ಅದು ಹುತ್ತದಂತೆ ಏಕೆ ಕಂಡಿತು ಎಂಬುದನ್ನು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಕೇಳಿದ್ದರೆ ಐದು ನಿಮಿಷದ ಕೆಲಸವಾಗಿತ್ತೆಂದು ಈಗ ತಿಳಿದಿದ್ದೇನೆ.

ಈ ತಿಳಿವಳಿಕೆ ಬಂದದ್ದು ಯಾವ ಕಲಾಶಾಲೆಯಿಂದಲೂ ಅಲ್ಲ, ನಮ್ಮ ಸೋದರತ್ತೆಯವರ ರಂಗೋಲಿಯ ಪುಸ್ತಕದಿಂದ. ಅಂಚು ಸವೆದ ಒಂದು ಲೆಕ್ಕದ ಪುಸ್ತಕ. ಪ್ರತಿಯೊಂದು ಪುಟದಲ್ಲಿಯೂ ಮೊದಲು ಚುಕ್ಕಿಗಳು, ಪಕ್ಕದಲ್ಲಿ "೧೫ರಿಂದ ೮, ಸಂದುಚುಕ್ಕಿ" ಎಂಬಂಥ ಒಂದು ಬರಹ, ಆಮೇಲೆ ಎಳೆ. ಕೆಲವು ಪುಟಗಳಲ್ಲಿ ಎಳೆಯು ದಾರಿ ತಪ್ಪಿ ನಿಂತುಬಿಟ್ಟಿತ್ತು. ಅದರ ಮೇಲೆ ಅಡ್ಡಗೀಟು ಎಳೆದು, ಕೆಳಗೆ ಮತ್ತೆ ಬರೆದಿದ್ದರು. ಧನುರ್ಮಾಸ ಬಂತೆಂದರೆ ಈ ಪುಸ್ತಕವು ಬೀದಿಯ ಮನೆಮನೆಗೂ ಹೋಗಿ ಬರುತ್ತಿತ್ತು. ತಪ್ಪಿದ ಪುಟಗಳನ್ನು ಹರಿದು ಹಾಕಬಾರದೆ ಎಂದು ಕೇಳಿದೆ. "ಯಾಕೆ ಹರೀಬೇಕೋ? ಎಲ್ಲಿ ತಪ್ಪುತ್ತೆ ಅಂತ ತೋರಿಸೋದಕ್ಕೇ ಅದು ಇರೋದು" ಎಂದರು.

ಶ್ರೋತೃಗಳೇ, ಹವ್ಯಾಸಿ ಚಿತ್ರಕಾರನಿಗೆ ಬೇಕಾದ ತತ್ತ್ವವೆಲ್ಲ ಈ ಒಂದು ಮಾತಿನಲ್ಲಿದೆ. ಬಾಗಿಲ ಮುಂದಿನ ರಂಗೋಲಿಯನ್ನು ನೋಡಿದವರು ಮೆಚ್ಚಬಹುದು. ಚುಕ್ಕಿಯ ಲೆಕ್ಕವನ್ನು ಕಂಡವರು ಮಾತ್ರ ಮರುದಿನ ತಮ್ಮ ಬಾಗಿಲಲ್ಲಿ ಅದನ್ನು ಇಡಬಲ್ಲರು. ಫಲವನ್ನು ತೋರಿಸಿದರೆ ಹೊಗಳಿಕೆ ದೊರೆಯುತ್ತದೆ. ಕ್ರಮವನ್ನು ತೋರಿಸಿದರೆ ವಿದ್ಯೆ ಹಂಚಿಕೆಯಾಗುತ್ತದೆ.

ಪಶ್ಚಿಮ ದೇಶಗಳಲ್ಲಿಯೂ ಇದಕ್ಕೆ ಒಳ್ಳೆಯ ನಿದರ್ಶನಗಳುಂಟು. ೧೮೫೪ರಲ್ಲಿ ಲಂಡನ್ನಿನಲ್ಲಿ ಕೆಲಸಗಾರರಿಗಾಗಿ ಒಂದು ಕಾಲೇಜು ಸ್ಥಾಪಿತವಾಯಿತು. ಕಲಾವಿಮರ್ಶಕನಾದ ಜಾನ್ ರಸ್ಕಿನ್ ಅಲ್ಲಿ ಬಡಗಿಗಳೇ ಮೊದಲಾದ ಕೈಕಸಬಿನವರಿಗೆ ಸಂಬಳವಿಲ್ಲದೆ ಚಿತ್ರವನ್ನು ಕಲಿಸಿದನು. ಬಡಗಿಯನ್ನು ಕಲಾವಿದನನ್ನಾಗಿ ಮಾಡುವುದು ತನ್ನ ಉದ್ದೇಶವಲ್ಲವೆಂದೂ, ಬಡಗಿಯಾಗಿಯೇ ಅವನು ಹೆಚ್ಚು ಸುಖಿಯಾಗಬೇಕೆಂಬುದೇ ತನ್ನ ಆಶಯವೆಂದೂ ಅವನು ಹೇಳಿಕೊಂಡಿದ್ದುಂಟು. ಈ ಅನುಭವದಿಂದ ಅವನು ೧೮೫೭ರಲ್ಲಿ, ಹೊಸಬರಿಗೆ ಬರೆದ ಮೂರು ಪತ್ರಗಳ ರೂಪದಲ್ಲಿ, ಚಿತ್ರಲೇಖನದ ಮೂಲಪಾಠಗಳನ್ನು ಕುರಿತ ಪುಸ್ತಕವನ್ನು ಪ್ರಕಟಿಸಿದನು. ಅದರಲ್ಲಿ ಮೊದಲನೆಯ ಪಾಠ ಹೂವಲ್ಲ, ಮುಖವಲ್ಲ. ಒಂದು ಸಣ್ಣ ಚೌಕ. ಆ ಚೌಕವನ್ನು ಲೇಖನಿಯ ಸಣ್ಣ ಗೆರೆಗಳಿಂದ, ಎಲ್ಲಿಯೂ ಹೆಚ್ಚುಕಡಮೆಯಾಗದಂತೆ, ಸಮನಾದ ನಸುಗಪ್ಪಿನಿಂದ ತುಂಬಬೇಕು. ಕೇಳುವುದಕ್ಕೆ ಸುಲಭ, ಮಾಡಿ ನೋಡಿದರೆ ಕೈಯ ಅಹಂಕಾರವೆಲ್ಲ ಇಳಿದುಹೋಗುತ್ತದೆ. ರಸ್ಕಿನ್ನನು ಒತ್ತಿ ಹೇಳಿದ ಇನ್ನೊಂದು ಸಂಗತಿಯೆಂದರೆ, ನಾವು ವಸ್ತುಗಳನ್ನು ನಿಜವಾಗಿ ನೋಡುವುದೇ ಇಲ್ಲ. ಅವು ಹೀಗಿವೆಯೆಂದು ತಿಳಿದುಕೊಂಡಿರುವುದನ್ನೇ ನೋಡುತ್ತೇವೆ. ಹುಲ್ಲು ಹಸುರೆಂದು ತಿಳಿದವನಿಗೆ ಸಂಜೆಯ ಬಿಸಿಲಿನಲ್ಲಿ ಅದು ಹಳದಿಯಾಗಿರುವುದು ಕಾಣುವುದಿಲ್ಲ.

ಎರಡನೆಯ ನಿದರ್ಶನ ವಿನ್ಸೆಂಟ್ ವಾನ್ ಗೋನದು. ಇಂದು ಲೋಕವೆಲ್ಲ ಅವನನ್ನು ಮಹಾಕಲಾವಿದನೆಂದು ಬಲ್ಲದು. ಆದರೆ ಅವನು ಚಿತ್ರಕಾರನಾಗಬೇಕೆಂದು ನಿಶ್ಚಯಿಸಿದ್ದು ೧೮೮೦ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ. ಮೊದಮೊದಲು ಅಚ್ಚಾದ ಪಾಠದ ಹಾಳೆಗಳನ್ನು ಮುಂದಿಟ್ಟುಕೊಂಡು, ಎಲ್ಲ ಹೊಸಬರಂತೆಯೇ ಮತ್ತೆ ಮತ್ತೆ ನಕಲು ಮಾಡಿದನು. ತಾನು ಮಾಡಿದ್ದನ್ನೆಲ್ಲ ತಮ್ಮನಾದ ಥಿಯೋವಿಗೆ ಬರೆದು ತಿಳಿಸುತ್ತಿದ್ದನು. ಅನೇಕ ಪತ್ರಗಳ ನಡುವೆ ಸಣ್ಣ ಸಣ್ಣ ಚಿತ್ರಗಳಿವೆ. ೧೮೮೨ರಲ್ಲಿ ಅವನು ದಾರಗಳನ್ನು ಕಟ್ಟಿದ ಒಂದು ಚೌಕಟ್ಟನ್ನು ಮಾಡಿಸಿಕೊಂಡನು. ಅದನ್ನು ಸಮುದ್ರತೀರದ ಮರಳಿನಲ್ಲಿ ನಿಲ್ಲಿಸಿ, ದಾರಗಳ ನಡುವಿನಿಂದ ನೋಡಿದರೆ, ದೂರದ ಗೆರೆಗಳು ಹೇಗೆ ಕೂಡಿ ಬರುತ್ತವೆಂಬುದು ಸ್ಪಷ್ಟವಾಗುತ್ತಿತ್ತು. ಆ ಚೌಕಟ್ಟು ಹೇಗಿದೆ, ಅದನ್ನು ಹೇಗೆ ನಿಲ್ಲಿಸಬೇಕು ಎಂಬುದನ್ನು ಪತ್ರದಲ್ಲಿಯೇ ಬರೆದು ತೋರಿಸಿದ್ದಾನೆ. ಥಿಯೋವಿನ ಪತ್ನಿ ಜೊಹಾನಾ ಈ ಪತ್ರಗಳನ್ನು ೧೯೧೪ರಲ್ಲಿ ಪ್ರಕಟಿಸಿದಳು. ಅವನ ಚಿತ್ರಗಳನ್ನು ನೋಡಿ ಬೆರಗಾಗುವ ಹೊಸಬನು ಈ ಪತ್ರಗಳನ್ನು ಓದಿ ಧೈರ್ಯ ತಾಳುತ್ತಾನೆ. ಏಕೆಂದರೆ ಅಲ್ಲಿ ಕಾಣುವುದು ಅವನ ಪ್ರತಿಭೆಗಿಂತ ಹೆಚ್ಚಾಗಿ ಅವನ ಪಾಡು.

ಈಗ ನನ್ನ ಗೋಪುರದ ಕಡೆಗೆ ತಿರುಗೋಣ. ಅದು ಹುತ್ತವಾದದ್ದು ಹೇಗೆ? ಆ ಗೋಪುರಕ್ಕೆ ಏಳು ಅಂತಸ್ತುಗಳೆಂದು ನಾನು ಕೇಳಿ ತಿಳಿದಿದ್ದೆ. ತಿಳಿದಿದ್ದಂತೆಯೇ ಕೆಳಗಿನಿಂದ ಒಂದೊಂದನ್ನೂ ಒಂದೇ ಎತ್ತರಕ್ಕೆ ಬರೆಯುತ್ತ ಹೋದೆ. ಐದನೆಯದಕ್ಕೆ ಬರುವಷ್ಟರಲ್ಲಿ ಹಾಳೆ ಮುಗಿದಿತ್ತು. ಉಳಿದೆರಡನ್ನೂ ಕಲಶಗಳನ್ನೂ ಅಂಗುಲದಷ್ಟು ಜಾಗದಲ್ಲಿ ಒತ್ತಿ ಕೂರಿಸಿದೆ, ತುದಿ ದುಂಡಗಾಯಿತು. ಕಣ್ಣಿನ ದೋಷವಲ್ಲ, ಕೈಯ ದೋಷವಲ್ಲ. ಅಳತೆ ಮಾಡದೆ ತೊಡಗಿದ್ದರ ದೋಷ.

ಅಳತೆಯನ್ನು ತಾವು ಈಗ ಕುಳಿತಲ್ಲಿಯೇ ಕಲಿಯಬಹುದು. ಒಂದು ಸೀಸದಕಡ್ಡಿಯನ್ನು ಕೈಗೆ ತೆಗೆದುಕೊಳ್ಳಿ. ತೋಳನ್ನು ಪೂರ್ತಿಯಾಗಿ ಚಾಚಿ, ಒಂದು ಕಣ್ಣನ್ನು ಮುಚ್ಚಿ, ಎದುರಿನ ಬಾಗಿಲಿನ ಅಗಲಕ್ಕೆ ಕಡ್ಡಿಯನ್ನು ಅಡ್ಡಲಾಗಿ ಹಿಡಿಯಿರಿ. ಕಡ್ಡಿಯ ತುದಿ ಬಾಗಿಲಿನ ಒಂದು ಅಂಚಿಗೆ ಕೂಡಲಿ. ಇನ್ನೊಂದು ಅಂಚು ಎಲ್ಲಿ ಬರುತ್ತದೆಯೋ ಅಲ್ಲಿ ಹೆಬ್ಬೆರಳನ್ನು ಇಡಿ. ಆ ಅಳತೆಯನ್ನು ಬಿಡದೆ ಕಡ್ಡಿಯನ್ನು ನೆಟ್ಟಗೆ ತಿರುಗಿಸಿ, ಎತ್ತರದಲ್ಲಿ ಅಂಥವು ಎಷ್ಟು ಸೇರುತ್ತವೆಂದು ಎಣಿಸಿ. ತೋಳು ಮಡಿಚಿದರೆ ಅಳತೆ ಕೆಡುತ್ತದೆ; ಇದೊಂದೇ ಎಚ್ಚರಿಕೆ. ಹಾಳೆಯ ಮೇಲೆ ಮೊದಲು ಅಷ್ಟೇ ಪ್ರಮಾಣದ ಒಂದು ಪೆಟ್ಟಿಗೆಯನ್ನು ತೆಳುವಾಗಿ ಗೀಚಿಕೊಂಡರೆ, ಗೋಪುರವಾಗಲಿ ಮನುಷ್ಯನಾಗಲಿ ಅದರಿಂದ ಹೊರಗೆ ಹೋಗುವುದಿಲ್ಲ. ಇನ್ನೊಂದು ನಿಯಮವೂ ಉಂಟು: ನಮ್ಮ ಕಣ್ಣಿನ ಮಟ್ಟಕ್ಕಿಂತ ಮೇಲಿರುವ ಅಡ್ಡಗೆರೆಗಳು ದೂರ ಸರಿದಂತೆ ಇಳಿಯುತ್ತವೆ, ಕೆಳಗಿರುವುವು ಏರುತ್ತವೆ. ಈ ಎರಡೇ ಸಂಗತಿಗಳನ್ನು ಯಾರಾದರೂ ಹೇಳಿದ್ದರೆ ನನಗೆ ಇಪ್ಪತ್ತು ವರ್ಷಗಳು ಉಳಿಯುತ್ತಿದ್ದುವು.

ನೀರುಬಣ್ಣದ ವಿಷಯವೂ ಹಾಗೆಯೇ. ಅದರಲ್ಲಿ ಬಿಳಿಯ ಬಣ್ಣವೆಂದರೆ ಮುಖ್ಯವಾಗಿ ಬರಿಯ ಕಾಗದವೇ. ಆದಕಾರಣ ಬೆಳಕಿನ ಭಾಗವನ್ನು ಮೊದಲೇ ಬಿಟ್ಟುಕೊಂಡು, ತಿಳಿಯಿಂದ ಗಾಢಕ್ಕೆ ನಡೆಯಬೇಕು. ಹೊಸಬರ ಬಣ್ಣವು ಕೆಸರಾಗುವುದಕ್ಕೆ ಸಾಮಾನ್ಯವಾದ ಕಾರಣ ಆತುರ. ಅರ್ಧ ಆರಿದ ಬಣ್ಣದ ಮೇಲೆ ಮತ್ತೆ ಒದ್ದೆಯ ಕುಂಚವನ್ನು ಇಟ್ಟರೆ, ನೀರು ಬಣ್ಣವನ್ನು ಅಂಚಿಗೆ ತಳ್ಳಿ, ಹೂಕೋಸಿನಂಥ ಕಲೆಯನ್ನು ಉಂಟುಮಾಡುತ್ತದೆ. ಸೊಗಸಾದ ಆಕಾಶವನ್ನು ಬರೆದ ಮಿತ್ರರೊಬ್ಬರನ್ನು ಅದರ ಗುಟ್ಟೇನೆಂದು ಕೇಳಿದೆ. "ಹತ್ತು ನಿಮಿಷ ಕೈ ಕಟ್ಟಿಕೊಂಡು ಕುಳಿತೆ" ಎಂದರು. ಆ ಹತ್ತು ನಿಮಿಷ ಚಿತ್ರದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಆದರೆ ಚಿತ್ರವೆಲ್ಲ ನಿಂತಿರುವುದು ಅದರ ಮೇಲೆಯೇ.

ಹೀಗೆ ಹಂಚಿಕೊಳ್ಳುವುದನ್ನೇ ಒಂದು ವ್ರತವಾಗಿ ಮಾಡಿಕೊಂಡ ಒಂದು ಬಳಗವನ್ನು ಇಲ್ಲಿ ನೆನೆಯಬೇಕು. ೨೦೦೭ರಲ್ಲಿ ಅಮೆರಿಕದ ಸಿಯಾಟಲ್ ನಗರದ ಪತ್ರಕರ್ತರಾದ ಗೇಬ್ರಿಯಲ್ ಕಂಪನಾರಿಯೋ ಎಂಬವರು, ಊರುಕೇರಿಗಳನ್ನು ಕಂಡಂತೆ ಬರೆಯುವವರನ್ನು ಒಂದುಗೂಡಿಸಿದರು. ಅರ್ಬನ್ ಸ್ಕೆಚರ್ಸ್ ಎಂದು ಅದರ ಹೆಸರು. ೨೦೧೦ರಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ಇವರ ಮೊದಲನೆಯ ಸಮ್ಮೇಳನ ನಡೆಯಿತು. ಸ್ಥಳದಲ್ಲಿಯೇ ಕುಳಿತು ಕಣ್ಣಾರೆ ಕಂಡದ್ದನ್ನು ಬರೆಯಬೇಕು, ಕಂಡದ್ದಕ್ಕೆ ನಿಷ್ಠೆಯಿಂದಿರಬೇಕು, ಒಬ್ಬರಿಗೊಬ್ಬರು ನೆರವಾಗಿ ಒಟ್ಟಿಗೆ ಬರೆಯಬೇಕು ಎಂಬುವು ಇವರ ಕಟ್ಟಳೆಗಳಲ್ಲಿ ಮುಖ್ಯವಾದುವು. ಉಪಕರಣ ಯಾವುದಾದರೂ ಆಗಬಹುದು. ಬರೆದು ಮುಗಿದಮೇಲೆ ಎಲ್ಲರೂ ತಮ್ಮ ಪುಸ್ತಕಗಳನ್ನು ನೆಲದ ಮೇಲೆ ಹರವಿ ಸುತ್ತಲೂ ನಿಂತು ನೋಡುವುದು ಇವರಲ್ಲಿ ವಾಡಿಕೆ. ನುರಿತವನ ಪುಟದ ಪಕ್ಕದಲ್ಲಿ ನಿನ್ನೆ ತೊಡಗಿದವನ ಪುಟ. ಒಂದೇ ಮರವನ್ನು ಹತ್ತು ಮಂದಿ ಹತ್ತು ಬಗೆಯಾಗಿ ಕಂಡಿರುವುದನ್ನು ನೋಡಿದಾಗ, ತನ್ನ ಮರ ಇನ್ನೊಬ್ಬರದರಂತೆ ಇಲ್ಲವಲ್ಲ ಎಂಬ ಕೊರಗು ತಾನಾಗಿ ಕರಗುತ್ತದೆ. ಬೆಂಗಳೂರಿನಲ್ಲಿಯೂ ಹೀಗೆ ಕೂಡಿ ಬರೆಯುವ ಗುಂಪುಗಳುಂಟು.

ತೋರಿಸುವುದಕ್ಕೂ ನೋಡುವುದಕ್ಕೂ ಒಂದು ಧರ್ಮವಿದೆ. ತೋರಿಸುವವನು ಚಿತ್ರದ ಬದಿಯಲ್ಲಿ ಸ್ಥಳ, ದಿನ, ಹೊತ್ತು, ಬಳಸಿದ ಕಾಗದ, ಮೊದಲು ಮಾಡಿದ್ದೇನು, ಆಮೇಲೆ ಮಾಡಿದ್ದೇನು, ಎಲ್ಲಿ ತಪ್ಪಿತು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆಯಲಿ. ಇನ್ನೊಬ್ಬರ ಚಿತ್ರವನ್ನು ನೋಡಿ ಬರೆದುದಾದರೆ ಅದನ್ನೂ ಹೇಳಲಿ. ನಕಲು ಕಲಿಕೆಗೆ ಭೂಷಣ, ಮುಚ್ಚಿಟ್ಟ ನಕಲು ಕಳವು. ನೋಡುವವನು "ಚೆನ್ನಾಗಿದೆ" ಎಂದು ಹೇಳಿ ಕೈ ತೊಳೆದುಕೊಳ್ಳದಿರಲಿ, "ಹುತ್ತ"ವೆಂದು ನಗದಿರಲಿ. ಮೊದಲನೆಯದರಿಂದ ವಿದ್ಯೆ ಬೆಳೆಯುವುದಿಲ್ಲ. ಎರಡನೆಯದರಿಂದ ಇದ್ದ ಆಸೆಯೂ ಸಾಯುತ್ತದೆ. "ಈ ನೆರಳನ್ನು ಹೇಗೆ ಹಾಕಿದಿರಿ?" ಎಂಬ ಒಂದು ಪ್ರಶ್ನೆ ಸಾವಿರ ಹೊಗಳಿಕೆಗಿಂತ ಮೇಲು.

ವಯಸ್ಸು ಮೀರಿತೆಂದು ಹಿಂಜರಿಯುವವರಿಗೆ ಒಂದು ಮಾತು. ವಿನ್‌ಸ್ಟನ್ ಚರ್ಚಿಲ್ಲರು ಕುಂಚವನ್ನು ಹಿಡಿದದ್ದು ೧೯೧೫ರಲ್ಲಿ, ಅಧಿಕಾರವನ್ನು ಕಳೆದುಕೊಂಡು ಮನಸ್ಸು ಕುಗ್ಗಿದ್ದಾಗ, ನಲವತ್ತನೆಯ ವಯಸ್ಸಿನಲ್ಲಿ. ೧೯೪೭ರಲ್ಲಿ ಅವರು ಬೇರೊಂದು ಹೆಸರಿನಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಗೆ ಚಿತ್ರಗಳನ್ನು ಕಳುಹಿಸಿದರು; ಎರಡು ಸ್ವೀಕೃತವಾದುವು. ನಮ್ಮ ರವೀಂದ್ರನಾಥ ಠಾಕೂರರು ಹಸ್ತಪ್ರತಿಗಳಲ್ಲಿ ಹೊಡೆದುಹಾಕಿದ ಪದಗಳನ್ನೇ ಒಂದಕ್ಕೊಂದು ಹೆಣೆದು ಆಕೃತಿಗಳನ್ನಾಗಿ ಮಾಡುತ್ತಿದ್ದರು. ಅರುವತ್ತು ದಾಟಿದಮೇಲೆ ಆ ಕಾಟಿನಿಂದಲೇ ಅವರ ಚಿತ್ರಕಲೆ ಮೊಳೆತು, ೧೯೩೦ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶಿತವಾಯಿತು. ತಪ್ಪನ್ನು ಹರಿದು ಹಾಕದೆ ಉಳಿಸಿಕೊಂಡವರಿಗೆ ಅದು ಏನನ್ನು ಕೊಡಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಕೆಲವು ವರ್ಷಗಳ ಹಿಂದೆ ನಾನು ಮತ್ತೆ ಬೆಟ್ಟವನ್ನು ಹತ್ತಿ, ತೋಳು ಚಾಚಿ, ಕಡ್ಡಿಯಿಂದ ಅಳೆದು, ಆ ಗೋಪುರವನ್ನು ಬರೆದೆ. ಒಬ್ಬ ಹುಡುಗ ಪಕ್ಕದಲ್ಲಿ ನಿಂತು ಬಹಳ ಹೊತ್ತು ನೋಡಿ, "ಮಾವ, ಆ ಕಡ್ಡಿ ಹಿಡಿದು ಏನು ನೋಡ್ತೀರಿ?" ಎಂದು ಕೇಳಿದ. ಕಡ್ಡಿಯನ್ನು ಅವನ ಕೈಗೆ ಕೊಟ್ಟೆ. ಒಂದು ಕಣ್ಣು ಮುಚ್ಚಿ ಎಣಿಸುತ್ತ ನಿಂತ. ನನ್ನ ಗೋಪುರ ಈ ಸಲವೂ ಅಷ್ಟೇನೂ ಸುಂದರವಾಗಿ ಬರಲಿಲ್ಲ. ಆದರೆ ಕಲಶಗಳಿಗೆ ಹಾಳೆಯಲ್ಲಿ ಜಾಗವಿತ್ತು. ತಮ್ಮ ಪೆಟ್ಟಿಗೆಯ ತಳದಲ್ಲಿಯೂ ಅಂಥ ಹಾಳೆಯೊಂದಿದ್ದರೆ, ಈ ಸಂಜೆಯೇ ಅದನ್ನು ಹೊರಗೆ ತೆಗೆದು ನೆರೆಯವರಿಗೆ ತೋರಿಸಿರೆಂದು ಬೇಡಿ ವಿರಮಿಸುತ್ತೇನೆ.