ಹಿಂಸೆಯ ಮನೆಯಿಂದ ಹೊರಬರುವ ಮುನ್ನ

ನಿದ್ರಾನಾಶ, ತೀರದ ತಲೆನೋವು, ಅಗ್ನಿಮಾಂದ್ಯ, ಎದೆಬಡಿತ ಎಂದು ನಮ್ಮ ಬಳಿಗೆ ಬರುವ ಕೆಲವು ತಾಯಂದಿರಿಗೆ ಕಷಾಯ, ಚೂರ್ಣಗಳಿಂದ ಪೂರ್ಣ ಗುಣ ಕಾಣುವುದಿಲ್ಲ. ಅವರ ವ್ಯಾಧಿಯ ಮೂಲ ಮನೆಯೊಳಗಿನ ಹೊಡೆತ, ಬೆದರಿಕೆಗಳಲ್ಲಿರುತ್ತದೆ. ಆಯುರ್ವೇದದಲ್ಲಿ ಚಿಕಿತ್ಸೆಯ ಮೊದಲ ಹೆಜ್ಜೆ ನಿದಾನ ಪರಿವರ್ಜನ, ಎಂದರೆ ರೋಗಕಾರಣವನ್ನು ದೂರಮಾಡುವುದು.

ಆದರೆ ಇಲ್ಲಿ ಎಚ್ಚರ ಅಗತ್ಯ. ಹೆಂಡತಿ ಕೈತಪ್ಪಿ ಹೋಗುತ್ತಿದ್ದಾಳೆಂದು ತಿಳಿದಾಗ ಹಿಂಸಿಸುವವನ ಕ್ರೌರ್ಯ ಹೆಚ್ಚುವ ಸಂಭವವಿದೆ. ಆದ್ದರಿಂದ ಜಗಳದ ನಡುವೆ 'ಬಿಟ್ಟು ಹೋಗುತ್ತೇನೆ' ಎನ್ನಬಾರದು. ಸಿದ್ಧತೆ ಸದ್ದಿಲ್ಲದೆ ನಡೆಯಬೇಕು.

ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರಗಳ ನಕಲು, ಸ್ವಲ್ಪ ಹಣ, ನಿತ್ಯದ ಔಷಧಿ ಇವನ್ನು ನಂಬಿಕಸ್ಥರಲ್ಲಿ ಇರಿಸಬೇಕು. ಎರಡು ದೂರವಾಣಿ ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಳ್ಳಬೇಕು. ತಮ್ಮ ಮೊಬೈಲನ್ನು ಪತಿ ಪರಿಶೀಲಿಸುವಂತಿದ್ದರೆ ಬೇರೆಯವರ ಫೋನಿನಿಂದ ಮಾತನಾಡುವುದು ಕ್ಷೇಮ. ಅಪಾಯ ಬಂದಾಗ ನೆರೆಯವರಿಗೆ ತಿಳಿಯುವಂತೆ ಒಂದು ಸಂಕೇತದ ಮಾತನ್ನು ಗೊತ್ತುಮಾಡಿಕೊಳ್ಳಬೇಕು. ಜಗಳದ ಸಮಯದಲ್ಲಿ ಅಡುಗೆಮನೆ, ಬಚ್ಚಲುಮನೆಗಳನ್ನು ಬಿಟ್ಟು ಹೊರಬಾಗಿಲಿನ ಸಮೀಪ ನಿಲ್ಲಬೇಕು.

ಕುತ್ತಿಗೆ ಹಿಸುಕಿದ್ದರೆ ಅದು ಪ್ರಾಣಾಪಾಯದ ಮುನ್ಸೂಚನೆ. ಹೊರಗೆ ಗಾಯ ಕಾಣದಿದ್ದರೂ ಧ್ವನಿ ಒಡೆಯುವುದು, ನುಂಗಲು ಕಷ್ಟವಾಗುವುದು, ಉಸಿರು ಕಟ್ಟುವುದು ಕೆಲವು ಗಂಟೆಗಳ ಬಳಿಕವೂ ತೋರಬಹುದು. ಮನೆಮದ್ದಿನಲ್ಲಿ ಕಾಲ ಕಳೆಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. 'ಜಾರಿ ಬಿದ್ದೆ' ಎನ್ನದೆ ನಡೆದುದನ್ನೇ ವೈದ್ಯರಿಗೆ ಹೇಳಬೇಕು. ಅವರ ದಾಖಲೆಯು ಮುಂದೆ ನ್ಯಾಯಾಲಯದಲ್ಲಿ ಸಾಕ್ಷಿಯಾಗಬಲ್ಲದು.

ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181. ಸಖಿ ಕೇಂದ್ರಗಳಲ್ಲಿ ಚಿಕಿತ್ಸೆ, ಪೊಲೀಸ್ ನೆರವು, ಕಾನೂನು ಸಲಹೆ, ತಾತ್ಕಾಲಿಕ ವಸತಿ ಒಂದೆಡೆ ದೊರೆಯುತ್ತವೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯು ಹೊಡೆತವನ್ನಷ್ಟೇ ಅಲ್ಲ, ನಿಂದನೆಯನ್ನೂ ಹಣ ಕೊಡದೆ ಸತಾಯಿಸುವುದನ್ನೂ ಹಿಂಸೆಯೆಂದೇ ಎಣಿಸುತ್ತದೆ. ಮನೆ ತನ್ನ ಹೆಸರಿನಲ್ಲಿಲ್ಲದಿದ್ದರೂ ಅಲ್ಲಿ ವಾಸಿಸುವ ಹಕ್ಕನ್ನು ಪತ್ನಿಗೆ ನೀಡುತ್ತದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ನಮ್ಮ ರಾಜ್ಯದಲ್ಲಿ ಈ ಕಾಯಿದೆಯ ಸಂರಕ್ಷಣಾಧಿಕಾರಿಗಳು. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ಲಭ್ಯ.

ಕೊನೆಯದಾಗಿ, ತವರಿನ ಹಿರಿಯರಲ್ಲಿ ನಮ್ಮ ವಿನಂತಿ. ಬಾಗಿಲಿಗೆ ಬಂದ ಮಗಳಿಗೆ 'ಹೊಂದಿಕೊಂಡು ಹೋಗಮ್ಮ' ಎನ್ನುವ ಮೊದಲು 'ಅಲ್ಲಿ ನಿನ್ನ ಜೀವಕ್ಕೆ ಭಯವಿದೆಯೇ?' ಎಂದು ಕೇಳಿರಿ. ಅವಳಿಗೆ ಆಸರೆ ನೀಡಿದ ಮನೆಯ ವಿಳಾಸವನ್ನು ಯಾರಿಗೂ ಬಿಟ್ಟುಕೊಡಬೇಡಿರಿ. ಮರ್ಯಾದೆಗಿಂತ ಮಗಳ ಪ್ರಾಣ ದೊಡ್ಡದು.