ಬಚ್ಚಲುಮನೆಯ ಬೆಂಕಿ

ಸಾಗರ ತಾಲ್ಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿ ಬಚ್ಚಲೆಂದರೆ ಅದೊಂದು ಪ್ರತ್ಯೇಕ ಸಂಸ್ಥಾನವೇ ಆಗಿತ್ತು. ಮನೆಯಿಂದ ನಾಲ್ಕು ಹೆಜ್ಜೆ ಆಚೆಗೆ, ಅಡಕೆ ತೋಟದ ಕಡೆಗೆ ಮುಖಮಾಡಿ ನಿಂತ ಸಣ್ಣ ಕಟ್ಟಡ. ಒಳಗೆ ತಾಮ್ರದ ಹಂಡೆ. ಅದರ ಒಲೆಯ ಬಾಯಿ ಮಾತ್ರ ಹೊರಗಡೆಗೆ. ಒಣಗಿದ ಸೋಗೆಯನ್ನೂ ಹಾಳೆಯನ್ನೂ ಹೊರಗಿನಿಂದಲೇ ತುರುಕುತ್ತಿದ್ದೆವು. ಗೋಡೆಗೂ ಹೆಂಚಿನ ಮಾಡಿಗೂ ನಡುವೆ ಮೊಳದಷ್ಟು ಸಂದು ಬಿಟ್ಟಿದ್ದರು. ಮಾಗಿಯ ಚಳಿಯಲ್ಲಿ ಆ ಸಂದಿನಿಂದ ಗಾಳಿ ನುಗ್ಗಿ ಮೈ ನಡುಗಿಸಿದಾಗ, ಇದನ್ನು ಕಟ್ಟಿದ ಮೇಸ್ತ್ರಿಗೆ ಬುದ್ಧಿ ಇತ್ತೇ ಎಂದು ನಾವು ಹುಡುಗರು ಬಯ್ದುಕೊಂಡದ್ದುಂಟು. ಆ ಮೇಸ್ತ್ರಿಯ ಬುದ್ಧಿ ಎಂಥದೆಂಬುದು ನಮಗೆ ತಿಳಿದದ್ದು 2023ರ ಡಿಸೆಂಬರಿನಲ್ಲಿ, ಪುಣೆಯ ಒಂದು ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತಿದ್ದಾಗ.

ನಾವು ಸರ್ಕಾರಿ ಕಚೇರಿಯ ಗುಮಾಸ್ತರು. ಬಿ.ಎ.ಗೆ ಓದಿದ್ದು ಇತಿಹಾಸ. ಯಂತ್ರಗಳ ವಿಷಯದಲ್ಲಿ ನಮ್ಮ ಪಾಂಡಿತ್ಯ ಸೈಕಲ್ಲಿನ ಚೈನು ಹಾಕುವಲ್ಲಿಗೆ ಮುಗಿಯುತ್ತದೆ. ಇಂಥವರು ಅನಿಲದ ಗೀಸರಿನ ವಿಚಾರ ಬರೆಯುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಿದರೆ ತಪ್ಪಲ್ಲ. ಆದರೆ ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಎಷ್ಟೋ ಮನೆಗಳ ಬಚ್ಚಲ ಗೋಡೆಗೆ ಆ ಬಿಳಿಯ ಪೆಟ್ಟಿಗೆ ತಗುಲಿಕೊಂಡಿರುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಹಬ್ಬಕ್ಕೆ ಊಟಕ್ಕೆ ಹೋದಾಗ ಕೈ ತೊಳೆಯಲೆಂದು ಒಳಗೆ ಹೊಕ್ಕು ನೋಡಿ, ಹೇಳಲೋ ಬೇಡವೋ ಎಂದು ಸುಮ್ಮನೆ ಬಂದದ್ದೂ ಉಂಟು. ಹಾಗೆ ಸುಮ್ಮನಿದ್ದುದಕ್ಕೆ ಈ ಬರಹ ಪ್ರಾಯಶ್ಚಿತ್ತ.

ನಮ್ಮದು ಬಾಡಿಗೆಯ ಮನೆ. ಬಚ್ಚಲು ಐದಡಿ ಅಗಲ, ಏಳಡಿ ಉದ್ದ. ಕಿಟಕಿಯೆಂದರೆ ತಲೆಯ ಮೇಲೆ ಓರೆಯಾಗಿ ಜೋಡಿಸಿದ ನಾಲ್ಕು ಗಾಜಿನ ಪಟ್ಟಿ. ಹಿಂದಿನ ಬಾಡಿಗೆದಾರರು ಹಾಕಿಸಿದ್ದ ಗೀಸರು ಒಳಗೇ ಇತ್ತು. ಮಾಲೀಕರು ಅದನ್ನು ಒಂದು ಸೌಕರ್ಯವೆಂದು ತೋರಿಸಿಯೇ ನಮಗೆ ಮನೆ ಕೊಟ್ಟಿದ್ದರು. ನಲ್ಲಿ ತಿರುವಿದೊಡನೆ ಭಗ್ಗೆಂದು ಹೊತ್ತಿಕೊಂಡು ಬಿಸಿನೀರು ಬರುವುದನ್ನು ಕಂಡು ನಾವೂ ಹಿಗ್ಗಿದೆವು. ವಿದ್ಯುತ್ತಿನ ಖರ್ಚಿಲ್ಲ, ಕಾಯುವ ಕೆಲಸವಿಲ್ಲ.

ಆ ಡಿಸೆಂಬರಿನಲ್ಲಿ ನಮ್ಮ ತಂಗಿಗೆ ಹೆರಿಗೆಯಾಗಿ ಬಾಣಂತನ ನಮ್ಮ ಮನೆಯಲ್ಲೇ ನಡೆಯಿತು. ಊರಿನಿಂದ ಅಮ್ಮ ಬಂದರು. ಬಾಣಂತಿಯ ಸ್ನಾನವೆಂದರೆ ಎರೆಡು ಚೊಂಬಿನ ಕೆಲಸವಲ್ಲವೆಂಬುದು ನಮ್ಮ ಹೆಂಗಸರಿಗೆಲ್ಲ ಗೊತ್ತು. ಎಣ್ಣೆ ಹಚ್ಚಿ, ಸೊಂಟಕ್ಕೆ ಬಿಸಿನೀರು ಸುರಿದು ಸುರಿದು, ಅರ್ಧ ಗಂಟೆಗೆ ಕಡಮೆಯಿಲ್ಲದೆ ಎರೆಯಬೇಕು. ಅಮ್ಮ ಬಂದ ದಿನವೇ ಗಾಜಿನ ಪಟ್ಟಿಗಳನ್ನು ನೋಡಿ ಹೌಹಾರಿದರು. “ಬಾಣಂತಿಗೆ ಗಾಳಿ ಹೊಡೆದರೆ ಸನ್ನಿಯಾಗುತ್ತದೆ ಕಣೋ” ಎಂದು ಹಳೆಯ ಸೀರೆಯೊಂದನ್ನು ಹರಿದು ಸಂದುಗಳಿಗೆಲ್ಲ ತುರುಕಿಸಿದರು. ಸ್ಟೂಲು ಹತ್ತಿ ತುರುಕಿದವರು ನಾವೇ.

ಮೂರು ದಿನ ಕಳೆಯಿತು. ಸ್ನಾನವಾದ ಮೇಲೆ ತಂಗಿಗೆ ತಲೆ ಸುತ್ತು, ಓಕರಿಕೆ. ಬಾಣಂತಿಯ ನಿಶ್ಶಕ್ತಿ ಎಂದೆವು. ಅಮ್ಮನಿಗೂ ತಲೆನೋವು. ಪುಣೆಯ ಚಳಿ ಎಂದರು ಅಮ್ಮ. ಪಿತ್ತ ಎಂದೆವು ನಾವು. ಮಧ್ಯಾಹ್ನದ ಹೊತ್ತಿಗೆ ಇಬ್ಬರಿಗೂ ಗುಣವಾಗುತ್ತಿತ್ತು. ನಾಲ್ಕನೆಯ ದಿನ ಬಚ್ಚಲಿನಿಂದ ಅಮ್ಮನ ಕೂಗು, ಕೂಗೆನ್ನುವುದಕ್ಕಿಂತ ಒಂದು ನರಳು, ಕೇಳಿಸಿತು. ಬಾಗಿಲಿಗೆ ಅಗಳಿ ಹಾಕಿರಲಿಲ್ಲ. ನಮ್ಮ ಪುಣ್ಯ ಅಷ್ಟೇ. ತಂಗಿ ಮಣೆಯಿಂದ ಜಾರಿ ಗೋಡೆಗೆ ಒರಗಿದ್ದಳು, ಅಮ್ಮ ಬಾಗಿಲ ಚೌಕಟ್ಟು ಹಿಡಿದು ಕುಸಿಯುತ್ತಿದ್ದರು, ಮೇಲೆ ಗೀಸರು ಹಳದಿ ನಾಲಗೆ ಚಾಚಿ ಉರಿಯುತ್ತಿತ್ತು. ಕೂಸು ಹೊರಗೆ ನಮ್ಮ ಮನೆಯಾಕೆಯ ತೊಡೆಯ ಮೇಲಿತ್ತು.

ಆಮೇಲೆ ನಡೆದುದನ್ನು ಹೇಳಲೇಬೇಕು. ಕೊರೋನಾ ಕಾಲದಲ್ಲಿ ಕೊಂಡಿದ್ದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಮನೆಯಲ್ಲಿತ್ತು. ತಂಗಿಯನ್ನು ನಡುಮನೆಗೆ ಎತ್ತಿ ತಂದು ಸಿಕ್ಕಿಸಿದರೆ 98 ಎಂದು ತೋರಿಸಿತು. ಸದ್ಯ, ಉಸಿರಿಗೇನೂ ತೊಂದರೆಯಿಲ್ಲವೆಂದು ನಾವು ನಿಟ್ಟುಸಿರು ಬಿಟ್ಟೆವು. ಆಸ್ಪತ್ರೆಯ ತರುಣ ವೈದ್ಯರು ಕೇಳಿದ ಮೊದಲ ಪ್ರಶ್ನೆ, “ಇಬ್ಬರಿಗೂ ಒಟ್ಟಿಗೇ ಆಯಿತೇ?” ಎರಡನೆಯದು, “ಬಚ್ಚಲಿನಲ್ಲಿ ಗ್ಯಾಸ್ ಗೀಸರು ಇದೆಯೇ?” ಆಕ್ಸಿಮೀಟರಿನ ಮಾತೆತ್ತಿದಾಗ ಅವರು ತಲೆಯಾಡಿಸಿದರು. ರಕ್ತದಲ್ಲಿ ಆಮ್ಲಜನಕ ಕೂತಿದೆಯೋ ವಿಷಾನಿಲ ಕೂತಿದೆಯೋ ಎಂಬ ಭೇದ ಆ ಸಣ್ಣ ಯಂತ್ರಕ್ಕೆ ತಿಳಿಯುವುದಿಲ್ಲವಂತೆ. ಎರಡನ್ನೂ ಒಂದೇ ಎಂದು ಎಣಿಸಿ ಒಳ್ಳೆಯ ಅಂಕ ಕೊಟ್ಟುಬಿಡುತ್ತದೆ. ರಕ್ತ ತೆಗೆದು ಬೇರೆಯೇ ಪರೀಕ್ಷೆ ಮಾಡಬೇಕು. ಮಾಡಿದರು. ಮುಖವಾಡ ತೊಡಿಸಿ ಶುದ್ಧ ಆಮ್ಲಜನಕ ಕೊಟ್ಟರು. ಸಂಜೆಯ ಹೊತ್ತಿಗೆ ತಂಗಿ ಕೂಸನ್ನು ಕೇಳಿದಳು.

ಆ ವಿಷಾನಿಲದ ಹೆಸರು ಕಾರ್ಬನ್ ಮಾನಾಕ್ಸೈಡ್. ಸಿಲಿಂಡರಿನ ಅನಿಲ ಧಾರಾಳವಾಗಿ ಗಾಳಿ ಸಿಕ್ಕಿ ಉರಿದರೆ ಹುಟ್ಟುವುದು ಇಂಗಾಲಾಮ್ಲ ಮತ್ತು ನೀರಿನ ಆವಿ. ಗಾಳಿ ಸಾಲದೆ ಅರೆಬರೆ ಉರಿದರೆ ಈ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ಸಿಲಿಂಡರಿನ ಅನಿಲ ಸೋರಿದರೆ ಮೂಗಿಗೆ ಬಡಿಯುವುದು ಅದಕ್ಕೆ ಬೇಕೆಂದೇ ಬೆರೆಸಿದ ಮರ್ಕ್ಯಾಪ್ಟಾನ್ ಎಂಬ ದುರ್ವಾಸನೆಯ ಪದಾರ್ಥ. ಉರಿದ ಮೇಲೆ ಅದೂ ಇಲ್ಲ. ಆದುದರಿಂದ “ವಾಸನೆ ಬಂದರೆ ಗೊತ್ತಾಗುತ್ತದಲ್ಲ” ಎಂಬ ಧೈರ್ಯ ಇಲ್ಲಿ ನಡೆಯದು. ನಮ್ಮ ರಕ್ತದ ಕೆಂಪು ಕಣಗಳಿಗೆ ಆಮ್ಲಜನಕಕ್ಕಿಂತ ಇದರ ಮೇಲೆ ಇನ್ನೂರು ಪಟ್ಟಿಗೂ ಮಿಗಿಲಾದ ಮೋಹ. ಒಮ್ಮೆ ಹಿಡಿದರೆ ಬೇಗ ಬಿಡುವುದಿಲ್ಲ. ಹೊರಗಿನ ಗಾಳಿಗೆ ಬಂದ ಮೇಲೂ ರಕ್ತದೊಳಗಿನದು ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಗಂಟೆ, ಒಂದೂವರೆ ಗಂಟೆ.

ಇತಿಹಾಸ ಓದಿದವರಾದುದರಿಂದ ಒಂದೆರಡು ಹಳೆಯ ಸಂಗತಿಗಳನ್ನು ಹೇಳದೆ ಬಿಡಲಾರೆವು. ಫ್ರೆಂಚ್ ಕಾದಂಬರಿಕಾರ ಎಮಿಲ್ ಜೋಲಾ 1902ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ತನ್ನ ಮನೆಯಲ್ಲಿ ತೀರಿಕೊಂಡದ್ದು ಇದೇ ಅನಿಲದಿಂದ. ಮಲಗುವ ಕೋಣೆಯ ಬೆಂಕಿಗೂಡಿನ ಚಿಮಣಿ ಕಟ್ಟಿತ್ತು, ಕಿಟಕಿ ಮುಚ್ಚಿತ್ತು. ರಾತ್ರಿ ಗಂಡಹೆಂಡಿರಿಬ್ಬರಿಗೂ ಎಚ್ಚರವಾಗಿ ತಲೆ ಸುತ್ತಿದಾಗ ಅಜೀರ್ಣವೆಂದು ಭಾವಿಸಿದರೆಂದು ಹೇಳುತ್ತಾರೆ. ನಾವು ಪಿತ್ತವೆಂದಂತೆ! ಹೆಂಡತಿ ಬದುಕಿದಳು. ಇನ್ನು ಗೀಸರಿನ ಕಥೆ. ಐಸ್‌ಲೆಂಡಿನಲ್ಲಿ ನೆಲದಿಂದ ಚಿಮ್ಮುವ ಒಂದು ಬಿಸಿನೀರಿನ ಬುಗ್ಗೆಯ ಹೆಸರು ಗೈಸಿರ್. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ ಎಂಬಾತ ಅನಿಲದಿಂದ ನೀರು ಕಾಯಿಸುವ ಯಂತ್ರ ಮಾಡಿ ಅದಕ್ಕೆ ಈ ಹೆಸರಿಟ್ಟ. ಅದಕ್ಕೆ ಹೊಗೆನಳಿಕೆಯೇ ಇರಲಿಲ್ಲ. ಒಂದೂವರೆ ಶತಮಾನ ಕಳೆದರೂ ನಮ್ಮ ಬಾಡಿಗೆ ಮನೆಯ ಗೀಸರಿಗೂ ಇರಲಿಲ್ಲ.

ಗುಮಾಸ್ತರಿಗೆ ಲೆಕ್ಕ ಹಾಕದಿದ್ದರೆ ನಿದ್ರೆ ಬಾರದು. ಮನೆಗೆ ಬಂದ ರಾತ್ರಿ ಕೂತು ಹಾಕಿದೆವು. ಅಂಗಡಿಯವರು ಆರು ಲೀಟರಿನದೆನ್ನುವ ಗೀಸರು ನಿಮಿಷಕ್ಕೆ 6 ಲೀಟರು ನೀರನ್ನು ಸುಮಾರು 25 ಡಿಗ್ರಿ ಏರಿಸುತ್ತದೆ. ಇದಕ್ಕೆ ಗಂಟೆಗೆ 900 ಗ್ರಾಮಿನಷ್ಟು ಅನಿಲ ಬೇಕು. ಅಡಿಗೆ ಒಲೆಯ ಒಂದು ಉರಿ ತಿನ್ನುವುದು 150ರಿಂದ 200 ಗ್ರಾಂ. ಎಂದರೆ ಐದಾರು ಒಲೆಗಳನ್ನು ಒಟ್ಟಿಗೆ ಹೊತ್ತಿಸಿ, ಬಚ್ಚಲಿನಲ್ಲಿಟ್ಟು, ಬಾಗಿಲು ಹಾಕಿಕೊಂಡಂತಾಯಿತು. 1 ಕಿಲೋ ಅನಿಲ ಸರಿಯಾಗಿ ಉರಿಯಲು ಸುಮಾರು 12 ಘನ ಮೀಟರು ಗಾಳಿ ಬೇಕು. ನಮ್ಮ ಬಚ್ಚಲಿನಲ್ಲಿ, ಎಂಟಡಿ ಎತ್ತರವೆಂದು ಹಿಡಿದರೆ, ಇರುವ ಗಾಳಿಯೆಲ್ಲ ಸೇರಿ 8 ಘನ ಮೀಟರು. ಸಂದುಗಳನ್ನೆಲ್ಲ ಮುಚ್ಚಿದ ಕೋಣೆಯಲ್ಲಿ ಆರೇಳು ನಿಮಿಷದೊಳಗೆ ಗಾಳಿಯ ಆಮ್ಲಜನಕ ನೂರಕ್ಕೆ 21ರಿಂದ 18ಕ್ಕೆ ಇಳಿಯುತ್ತದೆ. ಉರಿ ಕೆಡುವುದು ಅಲ್ಲಿಂದಲೇ. ತನ್ನ ಹೊಗೆಯನ್ನೇ ತಾನು ಮತ್ತೆ ಕುಡಿಯತೊಡಗಿದ ಬೆಂಕಿ ಹೆಚ್ಚು ಹೆಚ್ಚು ಮಾನಾಕ್ಸೈಡನ್ನು ಕಕ್ಕುತ್ತದೆ. ನಮ್ಮಲ್ಲಿ ಸ್ನಾನ ಅರ್ಧ ಗಂಟೆ ನಡೆದಿತ್ತು. ಬಾಗಿಲ ಕೆಳಗಿನ ಸಂದೊಂದೇ ಇಬ್ಬರ ಜೀವ ಉಳಿಸಿತೆಂದು ಕಾಣುತ್ತದೆ.

ಇದಕ್ಕೆ ಪರಿಹಾರವೇನೆಂದು ವಿಚಾರಿಸಿದರೆ, ತಿಳಿದವರೆಲ್ಲ ಹೇಳುವ ಮೊದಲ ಮಾತು ಒಂದೇ: ಗೀಸರನ್ನು ಬಚ್ಚಲಿನ ಹೊರಗೆ ಹಾಕಿ. ಬ್ರಿಟನ್ನಿನ 1998ರ ಕಾಯಿದೆಯ ಪ್ರಕಾರ ಸ್ನಾನದ ಕೋಣೆಯೊಳಗೆ ಅನಿಲದ ಯಂತ್ರ ಹಾಕಬೇಕಾದರೆ ಅದು ಕೋಣೆಯ ಗಾಳಿಯನ್ನು ಮುಟ್ಟದೆ, ಹೊರಗಿನಿಂದಲೇ ಗಾಳಿ ಎಳೆದು ಹೊರಗೇ ಹೊಗೆ ಬಿಡುವಂಥ, ಪೂರ್ತಿ ಮುಚ್ಚಿದ ಯಂತ್ರವಾಗಿರಬೇಕು. ನಮ್ಮ ಮನೆಗಳಲ್ಲಿ ಕಾಣುವ ಅಗ್ಗದ ಪೆಟ್ಟಿಗೆಗಳು ಅಂಥವಲ್ಲ. ತೆರೆದ ಬಾಲ್ಕನಿಯ ಗೋಡೆಗೆ ಹಾಕಿಸಿ, ಬಿಸಿನೀರಿನ ಕೊಳವೆಯೊಂದನ್ನೇ ಒಳಗೆ ತರುವುದು ಸುಲಭ. ‘ತೆರೆದ’ ಎಂಬ ಮಾತಿಗೆ ಒತ್ತು ಕೊಡುತ್ತೇವೆ. ಮುಂಬಯಿ, ಪುಣೆಗಳಲ್ಲಿ ಬಾಲ್ಕನಿಗೆ ಅಲ್ಯೂಮಿನಿಯಮ್ಮಿನ ಜಾರುಗಾಜು ಹಾಕಿಸಿ ಕೋಣೆ ಮಾಡಿಕೊಳ್ಳದವರು ಯಾರು? ಗಾಜು ಹಾಕಿದ ಕ್ಷಣದಿಂದ ಅದು ಹೊರಗಲ್ಲ, ಒಳಗೆ. ಹಾಗೆಯೇ ಎಲ್ಲರ ಬಚ್ಚಲ ಕಿಟಕಿಗಳೂ ತೆರೆಯುವ ಇಕ್ಕಟ್ಟಾದ ಡಕ್ಟಿನೊಳಕ್ಕೆ ಹೊಗೆ ಬಿಟ್ಟರೆ ನಮ್ಮ ಬಚ್ಚಲು ಕ್ಷೇಮ, ಮೇಲಿನ ಮನೆಯವರದು ಅಲ್ಲ.

ಹೊಗೆನಳಿಕೆ ಇರುವ ಯಂತ್ರವಾದರೆ, ನಳಿಕೆ ಮೇಲ್ಮುಖವಾಗಿ ಏರುತ್ತಲೇ ಹೋಗಬೇಕು. ಬಿಸಿ ಹೊಗೆ ಹಗುರ. ಏರುವುದು ಅದರ ಸ್ವಭಾವ. ಅಂದವಾಗಿ ಕಾಣಲೆಂದು ಅದನ್ನು ಕೆಳಕ್ಕೆ ಬಗ್ಗಿಸಿದರೆ, ಅಡ್ಡಡ್ಡ ಉದ್ದಕ್ಕೆ ಒಯ್ದರೆ, ಪಾರಿವಾಳ ಗೂಡು ಕಟ್ಟಿದರೆ, ಹೊಗೆ ಹಿಂದಕ್ಕೆ ಬರುತ್ತದೆ. ಇಲ್ಲೊಂದು ವಿಚಿತ್ರವಿದೆ. ಹೊಗೆ ಎಳೆಯುವ ಫ್ಯಾನು ಹಾಕಿದ್ದೇವಲ್ಲ ಎನ್ನುವವರುಂಟು. ಗಾಳಿ ಒಳಬರಲು ದಾರಿಯಿಲ್ಲದ ಕೋಣೆಯಲ್ಲಿ ಆ ಫ್ಯಾನು ಎಲ್ಲಿಂದ ಎಳೆಯಬೇಕು? ಹೊಗೆನಳಿಕೆಯಿಂದಲೇ ಎಳೆಯುತ್ತದೆ! ಹೊರಗೆ ಹೋಗುತ್ತಿದ್ದ ವಿಷವನ್ನು ತಲೆಯ ಮೇಲೆ ಇಳಿಸುತ್ತದೆ. ಆದುದರಿಂದ ಬಾಗಿಲ ಕೆಳಗೆ ಮುಚ್ಚಲಾಗದಂಥ ಜಾಲರಿಯೊಂದು, ಮೇಲೆ ಸದಾ ತೆರೆದ ಕಿಂಡಿಯೊಂದು, ಎರಡೂ ಬೇಕು. ನಮ್ಮ ಊರಿನ ಮೇಸ್ತ್ರಿ ಬಿಟ್ಟಿದ್ದ ಮೊಳದ ಸಂದು ಇದೇ ಅಲ್ಲವೇ?

ಉರಿ ನೀಲಿಯಾಗಿರಬೇಕು. ಹಳದಿಗೆ ತಿರುಗಿದರೆ, ಪೆಟ್ಟಿಗೆಯ ಮೇಲೆ ಮಸಿ ಕಂಡರೆ, ಆ ದಿನವೇ ಆರಿಸಿ ಕಂಪನಿಯ ಕೆಲಸಗಾರನನ್ನು ಕರೆಸಬೇಕು. ವರ್ಗಾವಣೆಯಲ್ಲಿ ಊರೂರು ಅಲೆಯುವ ನಮ್ಮಂಥವರಿಗೆ ಇನ್ನೊಂದು ಅಪಾಯವಿದೆ. ಕೊಳವೆ ಅನಿಲದ ಗೀಸರಿನ ತೂತು ದೊಡ್ಡದು, ಸಿಲಿಂಡರಿನದರ ತೂತು ಸಣ್ಣದು. ಕೊಳವೆಯ ಊರಿನಿಂದ ಕಟ್ಟಿ ತಂದದ್ದನ್ನು ಸಿಲಿಂಡರಿಗೆ ಹಾಗೇ ಜೋಡಿಸಿದರೆ ಅನಿಲ ಅತಿಯಾಗಿ ನುಗ್ಗಿ ಮಸಿಯ ಉರಿ ಉರಿಯುತ್ತದೆ.

ದಿಲ್ಲಿಯ ಬಂಧುಗಳಿಗೆ ಎರಡು ಮಾತು. ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಅಂಗೀಠಿ ಇಟ್ಟು ಮಲಗಬಾರದೆಂಬುದನ್ನು ನೀವು ಪ್ರತಿ ಚಳಿಗಾಲದಲ್ಲೂ ಪತ್ರಿಕೆಗಳಲ್ಲಿ ಓದುತ್ತೀರಿ. ಹೊಗೆನಳಿಕೆಯಿಲ್ಲದ ಅನಿಲದ ರೂಮ್ ಹೀಟರೂ ಅದರ ನಾಗರಿಕ ತಮ್ಮನೇ. ಕೆಲವಕ್ಕೆ ಆಮ್ಲಜನಕ ಇಳಿದೊಡನೆ ತಾನಾಗಿ ಆರುವ ಏರ್ಪಾಡಿರುತ್ತದೆ. ಇದ್ದರೂ ಹೊತ್ತಿಸಿಟ್ಟು ಮಲಗುವಂತಿಲ್ಲ. ಮಗಳ ಬಾಣಂತನಕ್ಕೆಂದು ಅಮೆರಿಕೆಗೆ ಹೋಗುವ ಅಮ್ಮಂದಿರೂ ತಿಳಿದಿರಬೇಕು: ಅಲ್ಲಿನ ಎಷ್ಟೋ ಮನೆಗಳನ್ನು ಬೆಚ್ಚಗಿಡುವುದು ನೆಲಮಾಳಿಗೆಯ ಅನಿಲದ ಕುಲುಮೆ. ಲೋಹದ ಗೋಡೆಯೊಂದರ ಒಂದು ಕಡೆ ಬೆಂಕಿ, ಇನ್ನೊಂದು ಕಡೆ ನಾವು ಉಸಿರಾಡುವ ಗಾಳಿ. ಹೊಗೆಗೆ ಬೇರೆಯೇ ನಳಿಕೆ. ಆ ಲೋಹ ಬಿರುಕು ಬಿಟ್ಟರೆ, ಅಥವಾ ಗೋಡೆಯ ಹೊರಗಿನ ನಳಿಕೆಯ ಬಾಯಿಯನ್ನು ಹಿಮ ಮುಚ್ಚಿದರೆ, ಅಲ್ಲಿಯೂ ಇದೇ ಕಥೆ. ಅದಕ್ಕೇ ಅಲ್ಲಿ ಮಾನಾಕ್ಸೈಡನ್ನು ಮೂಸಿ ಕೂಗುವ ಗಂಟೆಯನ್ನು ಹಾಕಿಕೊಳ್ಳುತ್ತಾರೆ. ನಮ್ಮಲ್ಲಿಯೂ ಅದು ಸಿಗುತ್ತದೆ. ಒಂದನ್ನು ಕೊಂಡೆವು.

ದೀಪಾವಳಿ ಹತ್ತಿರ ಬಂದಾಗ ಈ ಗಂಟೆ ಹೆಚ್ಚು ನೆನಪಾಗುತ್ತದೆ. ನರಕ ಚತುರ್ದಶಿಯ ನಸುಕಿನಲ್ಲಿ ಕಿಟಕಿ ಮುಚ್ಚಿ, ಎಣ್ಣೆ ಹಚ್ಚಿಕೊಂಡ ಐದಾರು ಜನ ಒಬ್ಬರ ಹಿಂದೊಬ್ಬರು ಎರೆದುಕೊಳ್ಳುತ್ತಾರೆ. ಗೀಸರಿಗೆ ಬಿಡುವಿಲ್ಲ. ಮೊದಲನೆಯವರಿಗೆ ಏನೂ ಆಗದಿರಬಹುದು. ಹೊಗೆ ಕೂಡಿರುವುದು ಕೊನೆಗೆ ಮೀಯುವವರ ಪಾಲಿಗೆ. ನಮ್ಮ ಮನೆಗಳಲ್ಲಿ ಕೊನೆಗೆ ಮೀಯುವವರು ಯಾರೆಂದು ಹೇಳಬೇಕಾಗಿಲ್ಲ. ಗೀಸರು ಒಳಗೇ ಇರುವ ಮನೆಯವರು ಅದು ಹೊರಗೆ ಹೋಗುವತನಕ ಬಾಗಿಲು ತೆರೆದಿಟ್ಟು ಬಕೆಟು ತುಂಬಿಸಿ, ಗೀಸರು ಆರಿಸಿ, ಸ್ವಲ್ಪ ಹೊತ್ತು ಗಾಳಿಯಾಡಗೊಟ್ಟು, ಆಮೇಲೆ ಒಳಗೆ ಹೋಗಲಿ.

ನಾವು ಗೀಸರನ್ನು ಬಾಲ್ಕನಿಗೆ ಸಾಗಿಸಿದೆವು. ಗೋಡೆ ಕೊರೆಯಲು ಮಾಲೀಕರು ಒಪ್ಪಲಿಲ್ಲ. ಕೊರೆಸಿದ ಮೇಲೆ ಠೇವಣಿಯಲ್ಲಿ ಮುರಿದುಕೊಳ್ಳುವೆನೆಂದರು. ಮುರಿದುಕೊಳ್ಳಲಿ. ಅಮ್ಮ ಬಾಣಂತನ ಮುಗಿಸಿ ಊರಿಗೆ ಹೊರಟ ದಿನ ಸೀರೆಯ ಚೂರುಗಳನ್ನೆಲ್ಲ ತಾವೇ ಸ್ಟೂಲು ಹತ್ತಿ ಕಿತ್ತು ತೆಗೆದರು. ಒಂದು ಚೂರು ಮೂಲೆಯಲ್ಲಿ ಸಿಕ್ಕಿ ಬರಲಿಲ್ಲ. ಅದನ್ನು ನಾವು ಇಕ್ಕಳದಿಂದ ಎಳೆದೆವು.