ಪಿತ್ತ ಪ್ರಕೃತಿಯವರೂ ಶರದೃತುವಿನ ಬಿಸಿಲೂ

ತಲೆ ಸುತ್ತಿದರೆ ಪಿತ್ತ, ಮೈಮೇಲೆ ಗಂಧೆ ಎದ್ದರೆ ಪಿತ್ತ, ಬೆಳಿಗ್ಗೆ ಬಾಯಿ ಕಹಿಯಾದರೂ ಪಿತ್ತ. ನಮ್ಮ ಮನೆಗಳಲ್ಲಿ ದಿನವೂ ಕೇಳುವ ಮಾತಿದು. ಆದರೆ ಪಿತ್ತ ಕೆರಳುವುದು ಬೇರೆ, ಪಿತ್ತ ಪ್ರಕೃತಿ ಬೇರೆ. ಕೆರಳಿದ್ದು ವಿಕೃತಿ, ಅದನ್ನು ಶಮನ ಮಾಡಬಹುದು. ಪ್ರಕೃತಿಯಾದರೋ ಗರ್ಭ ಕಟ್ಟುವಾಗಲೇ ನಿಶ್ಚಯವಾಗಿ ಕೊನೆತನಕ ಜೊತೆಗಿರುತ್ತದೆ ಎನ್ನುತ್ತದೆ ಆಯುರ್ವೇದ. ಅದು ಕಾಯಿಲೆಯಲ್ಲ. ನಮ್ಮ ದೇಹ ಯಾವ ಕಡೆಗೆ ಬೇಗ ವಾಲುತ್ತದೆ ಎಂಬುದನ್ನು ತಿಳಿಸುವ ಹುಟ್ಟುಗುಣ.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಪಿತ್ತ ಪ್ರಕೃತಿಯವರ ಚಿತ್ರವಿದೆ: ಸೆಕೆ ತಡೆಯರು, ಹಸಿವು ಬಾಯಾರಿಕೆ ಹೆಚ್ಚು, ಬೆವರು ಧಾರಾಳ, ಮೈಮೇಲೆ ಮಚ್ಚೆಗಳು, ಕೂದಲು ಬೇಗ ನರೆಯುತ್ತದೆ ಇಲ್ಲವೇ ಉದುರುತ್ತದೆ. ಇಷ್ಟೂ ಒಬ್ಬರಲ್ಲೇ ಕಾಣುವುದು ಅಪರೂಪ. ಬಹುತೇಕರು ವಾತ, ಪಿತ್ತ, ಕಫ ಎಂಬ ಮೂರು ದೋಷಗಳಲ್ಲಿ ಎರಡು ಬೆರೆತವರು.

ಈ ವಿಂಗಡಣೆಗೆ ವಂಶವಾಹಿಗಳಲ್ಲಿ ಏನಾದರೂ ಗುರುತು ಸಿಕ್ಕೀತೇ? ಹೃದಯ ಶಸ್ತ್ರಚಿಕಿತ್ಸಕರಾಗಿದ್ದು ಮುಂದೆ ಮಣಿಪಾಲದಲ್ಲಿ ಆಯುರ್ವೇದದ ಅಧ್ಯಯನಕ್ಕೆ ತೊಡಗಿದ ಡಾ. ಎಂ. ಎಸ್. ವಲಿಯತ್ತಾನ್ ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡವರು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಜೊತೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. 3,416 ಆರೋಗ್ಯವಂತ ಗಂಡಸರನ್ನು ಪರೀಕ್ಷಿಸಿ, ಒಂದೇ ದೋಷ ಎದ್ದು ಕಾಣುವ 262 ಮಂದಿಯನ್ನು ಆರಿಸಿದ್ದರು. ಪಿತ್ತದವರಲ್ಲಿ ಪಿಜಿಎಂ1 ಎಂಬ ವಂಶವಾಹಿಯ ವ್ಯತ್ಯಾಸಕ್ಕೆ ನಂಟು ಕಂಡಿತು. ದೇಹ ಸಕ್ಕರೆಯನ್ನು ಕೂಡಿಡುವ, ಬಳಸುವ ಕೆಲಸದಲ್ಲಿ ಪಾತ್ರವಿರುವ ಕಿಣ್ವ ಈ ವಂಶವಾಹಿಯದು. ಜೀರ್ಣಶಕ್ತಿಯೇ ಪಿತ್ತದ ಕೆಲಸ ಎನ್ನುವ ಶಾಸ್ತ್ರದ ಮಾತಿಗೆ ಇದು ಹೊಂದುತ್ತದೆ. ಆದರೂ ಇದು ನಂಟು ಮಾತ್ರ, ಪುರಾವೆಯಲ್ಲ. ಹೆಂಗಸರನ್ನು ಆ ಅಧ್ಯಯನ ಒಳಗೊಂಡೇ ಇರಲಿಲ್ಲ.

ಬಾಳಿನಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಋತುಚರ್ಯೆ. ಪಿತ್ತ ಮಳೆಗಾಲದಲ್ಲಿ ಕೂಡಿಕೊಂಡು ಶರದೃತುವಿನಲ್ಲಿ ಕೆರಳುತ್ತದೆ ಎನ್ನುತ್ತದೆ ಅಷ್ಟಾಂಗಹೃದಯ. ತಂಪಿಗೆ ಒಗ್ಗಿದ ಮೈಗೆ ನವರಾತ್ರಿಯ ಹೊತ್ತಿನ ಬಿಸಿಲು ಥಟ್ಟನೆ ಬೀಳುವ ಕಾಲ ಅದು. ಪಿತ್ತ ಪ್ರಕೃತಿಯವರು ಎಚ್ಚರವಹಿಸಬೇಕಾದದ್ದು ಬೇಸಿಗೆಯಲ್ಲಷ್ಟೇ ಅಲ್ಲ, ಆಗಲೂ. ಹುಳಿ ಮೊಸರು, ಉಪ್ಪಿನಕಾಯಿ, ಹುರುಳಿ ಸಾರು, ಖಾರ ಕಡಿಮೆಯಾಗಲಿ. ಖಾರದ ಮಾತಿಗೆ ಇಂದಿನ ವಿಜ್ಞಾನದ ಬೆಂಬಲವೂ ಇದೆ: ನರಗಳ ತುದಿಯಲ್ಲಿ ಬಿಸಿಯನ್ನು ಗ್ರಹಿಸುವ ಗ್ರಾಹಕವನ್ನೇ ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕೆಣಕುತ್ತದೆ. ಆ ಗ್ರಾಹಕವನ್ನು ಪತ್ತೆಮಾಡಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು.

ಹೆಸರುಬೇಳೆ ತೊವ್ವೆಗೆ ತುಪ್ಪ, ಹಾಗಲಕಾಯಿ, ದಾಳಿಂಬೆ, ಒಂದೆಲಗದ ತಂಬುಳಿ ಈ ಕಾಲಕ್ಕೆ ಹಿತ. ಕರಾವಳಿಯವರು ಪುನರ್ಪುಳಿ ಶರಬತ್ತು ಕುಡಿಯುತ್ತಾರೆ. ಹುಳಿಯಾದರೂ ಅದು ಪಿತ್ತ ಇಳಿಸುತ್ತದೆಂಬುದು ಅವರ ಅನುಭವ. ಎಲ್ಲಕ್ಕಿಂತ ಮುಖ್ಯ, ಊಟದ ಹೊತ್ತು ಮೀರಿಸಬಾರದು. ಹಸಿವು ತಡೆಯದ ದೇಹಕ್ಕೆ ಉಪವಾಸದ ಹುರುಪು ಸಲ್ಲದು.

ಮೊಬೈಲಿನಲ್ಲಿ ಹತ್ತು ಪ್ರಶ್ನೆಗೆ ಉತ್ತರ ಒತ್ತಿ ಪ್ರಕೃತಿ ತೀರ್ಮಾನಿಸಿಕೊಳ್ಳಬೇಡಿ. ಕಲಿತ ವೈದ್ಯರಿಂದ ತಿಳಿದುಕೊಳ್ಳಿ. ವಾರಗಟ್ಟಲೆ ಎದೆಯುರಿ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ಇವನ್ನು ಪಿತ್ತವೆಂದು ತಳ್ಳಿಹಾಕದೆ ಪರೀಕ್ಷೆ ಮಾಡಿಸಿ. ಎದೆಯ ನೋವು ಕೈಗೆ, ದವಡೆಗೆ ಹರಿದು ತಣ್ಣನೆಯ ಬೆವರು ಬಂದರೆ ಮನೆಮದ್ದು ಹುಡುಕುತ್ತ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.